ಇಸ್ಟ್‌ಎಸ್‌ಒಎಸ್

ಇಸ್ಟ್‌ಎಸ್‌ಒಎಸ್ ಎಂಬುದು ಮಳೆಮಾಪಕ, ನದಿಯ ಮಟ್ಟಮಾಪಕ, ಹವಾಮಾನ ಕೇಂದ್ರ ಮುಂತಾದ ಸಂವೇದಕಗಳ ಅಳತೆಗಳನ್ನು ಸ್ಥಳ ಮತ್ತು ಸಮಯಗಳ ಸಹಿತ ಸಂಗ್ರಹಿಸಿ, ಪರಿಶೀಲಿಸಿ, ಅಂತರಜಾಲದ ಮೂಲಕ ಹಂಚುವ ಮುಕ್ತ ಆಕರ ತಂತ್ರಾಂಶ. ಇದನ್ನು ದಕ್ಷಿಣ ಸ್ವಿಟ್ಜರ್ಲೆಂಡಿನ ಅನ್ವಯಿಕ ವಿಜ್ಞಾನ ಮತ್ತು ಕಲೆಗಳ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಸ್ಥೆ ಅಭಿವೃದ್ಧಿಪಡಿಸಿತು. ಆ ಸಂಸ್ಥೆಯ ಇಟಾಲಿಯನ್ ಹೆಸರಿನ ಹ್ರಸ್ವರೂಪವೇ 'ಇಸ್ಟ್'. 'ಎಸ್‌ಒಎಸ್' ಎಂಬುದು ಸೆನ್ಸರ್ ಆಬ್ಸರ್ವೇಷನ್ ಸರ್ವಿಸ್ ಎಂಬ ಮಾನದಂಡದ ಹ್ರಸ್ವರೂಪ. ಅಪಾಯದ ಕರೆಗೂ ಇದಕ್ಕೂ ಸಂಬಂಧವಿಲ್ಲ. ತಂತ್ರಾಂಶವನ್ನು ಪೈಥಾನ್ ಭಾಷೆಯಲ್ಲಿ ಬರೆಯಲಾಗಿದ್ದು, ದತ್ತಾಂಶವು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮತ್ತು ಅದರ ಭೌಗೋಳಿಕ ವಿಸ್ತರಣೆಯಾದ ಪೋಸ್ಟ್‌ಜಿಐಎಸ್‌ನಲ್ಲಿ ಉಳಿಯುತ್ತದೆ.

ಹಿನ್ನೆಲೆ

ಆಲ್ಪ್ಸ್ ಪರ್ವತಗಳ ದಕ್ಷಿಣ ಇಳಿಜಾರಿನಲ್ಲಿರುವ ಟಿಚೀನೊ ಪ್ರಾಂತ್ಯದ ಜಲಹವಾಮಾನ ಮಾಪನ ಜಾಲವನ್ನು ನಿರ್ವಹಿಸುವ ಅಗತ್ಯದಿಂದ ಈ ತಂತ್ರಾಂಶ ಹುಟ್ಟಿತು. ಇಂತಹ ಜಾಲಗಳಲ್ಲಿ ಉಪಕರಣಗಳು ಬೇರೆ ಬೇರೆ ತಯಾರಕರವು. ಪ್ರತಿಯೊಂದರ ಕಡತದ ರೂಪವೂ ಬೇರೆ. ಒಂದು ಕಡತದಲ್ಲಿ '12.4' ಎಂದಿದ್ದರೆ ಅದು ಮಿಲಿಮೀಟರಿನಲ್ಲಿ ಮಳೆಯೋ ಸೆಲ್ಸಿಯಸ್‌ನಲ್ಲಿ ಉಷ್ಣತೆಯೋ, ಯಾವ ಸ್ಥಳದ್ದು, ಯಾವ ಗಳಿಗೆಯದು ಎಂಬುದು ಕಡತ ಬರೆದವರಿಗೆ ಮಾತ್ರ ಗೊತ್ತು. ನೆರೆಯ ಮುನ್ಸೂಚನೆ ನೀಡಬೇಕಾದವರಿಗೆ ಅಂತಹ ಅಂಕಿ ನಿರುಪಯುಕ್ತ.

ಈ ತೊಡಕಿಗೆ ಉತ್ತರವಾಗಿ ಓಪನ್ ಜಿಯೊಸ್ಪೇಷಿಯಲ್ ಕನ್ಸೋರ್ಷಿಯಂ 2007ರಲ್ಲಿ ಎಸ್‌ಒಎಸ್ ಮಾನದಂಡದ ಮೊದಲ ಆವೃತ್ತಿಯನ್ನೂ 2012ರಲ್ಲಿ ಎರಡನೆಯದನ್ನೂ ಹೊರತಂದಿತು. ಇದರ ತಿರುಳು ಮೂರು ವಿನಂತಿಗಳಲ್ಲಿದೆ. ಮೊದಲನೆಯದು ಸೇವೆಯಲ್ಲಿ ಏನೇನು ಲಭ್ಯವೆಂದು ಕೇಳುತ್ತದೆ. ಎರಡನೆಯದು ಸಂವೇದಕದ ವಿವರಣೆಯನ್ನು, ಮೂರನೆಯದು ಬೇಕಾದ ಕಾಲಾವಧಿಯ ಅಳತೆಗಳನ್ನು ಪಡೆಯುತ್ತದೆ. ಕೇಳುವವರಿಗೆ ಉಪಕರಣದ ತಯಾರಕರು ಯಾರೆಂದು ತಿಳಿದಿರಬೇಕಾಗಿಲ್ಲ.

ಸಮಯ ಮತ್ತು ಗುಣಮಟ್ಟ

ಸಮಯವನ್ನು ವಲಯದ ಸಹಿತ ಬರೆಯುವುದು ಇಲ್ಲಿ ಕಡ್ಡಾಯ. ಇದು ಸಣ್ಣ ಸಂಗತಿಯಂತೆ ಕಂಡರೂ ಅಳತೆಗಳ ಹಂಚಿಕೆಯಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿಯೇ. ಸ್ವಿಟ್ಜರ್ಲೆಂಡಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಅಂದು ನಸುಕಿನ 2ರಿಂದ 3ರವರೆಗಿನ ಗಂಟೆ ಎರಡು ಬಾರಿ ಬರುತ್ತದೆ. ವಲಯ ಸೂಚಿಸದಿದ್ದರೆ ಆ ಎರಡು ಗಂಟೆಗಳ ಮಳೆಯನ್ನು ಬೇರ್ಪಡಿಸುವ ದಾರಿಯೇ ಇರುವುದಿಲ್ಲ.

ಪ್ರತಿ ಅಳತೆಯ ಜೊತೆ ಒಂದು ಗುಣಮಟ್ಟ ಸೂಚ್ಯಂಕವೂ ದಾಖಲಾಗುತ್ತದೆ. ಸಂವೇದಕದಿಂದ ಬಂದ ಕಚ್ಚಾ ಅಂಕಿಗೆ 100 ಎಂಬ ಸೂಚ್ಯಂಕವಿರುತ್ತದೆ. ಅದು ನಿಗದಿತ ಮಿತಿಗಳ ಒಳಗಿದೆಯೇ ಎಂಬ ಸ್ವಯಂಚಾಲಿತ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸೂಚ್ಯಂಕ ಏರುತ್ತದೆ. ಬಳಿಕ ತಜ್ಞರು ಜಾಲಪುಟದ ಸಂಪಾದಕದಲ್ಲಿ ಅಳತೆಗಳನ್ನು ನೋಡಿ ತಿದ್ದಬಹುದು ಅಥವಾ ದೃಢಪಡಿಸಬಹುದು. ಹೀಗಾಗಿ ಸಂಶಯಾಸ್ಪದ ಅಳತೆಯನ್ನು ಅಳಿಸಿಹಾಕದೆ, ಅದು ಸಂಶಯಾಸ್ಪದವೆಂಬ ಗುರುತಿನೊಂದಿಗೇ ಹಂಚಲು ಸಾಧ್ಯ.

ವಿಶ್ಲೇಷಣೆ

ದತ್ತಾಂಶ ಕೇಳುವಾಗಲೇ ಅದನ್ನು ಗಂಟೆ ಅಥವಾ ದಿನದ ಲೆಕ್ಕಕ್ಕೆ ಒಟ್ಟುಗೂಡಿಸಿ ಪಡೆಯಬಹುದು. ಮೊತ್ತ, ಸರಾಸರಿ, ಗರಿಷ್ಠ, ಕನಿಷ್ಠ ಇವುಗಳಲ್ಲಿ ಯಾವುದು ಬೇಕೆಂದು ಬಳಕೆದಾರರೇ ಸೂಚಿಸಬೇಕು. ಮಳೆಗೆ ಮೊತ್ತ, ಉಷ್ಣತೆಗೆ ಸರಾಸರಿ ಹೊಂದುತ್ತದೆ. ಅದಲುಬದಲಾದರೆ ತಂತ್ರಾಂಶ ತಡೆಯುವುದಿಲ್ಲ. ಅಳತೆ ಇಲ್ಲದ ಅವಧಿಗೆ -999.9 ರಂತಹ ಗುರುತು ಬರುತ್ತದೆ. ಮಳೆ ಬಾರದಿರುವುದಕ್ಕೂ ಮಾಪಕ ಕೆಟ್ಟಿರುವುದಕ್ಕೂ ವ್ಯತ್ಯಾಸ ಉಳಿಯಬೇಕಾದ್ದರಿಂದ ಅಲ್ಲಿ ಸೊನ್ನೆಯನ್ನು ಬಳಸುವಂತಿಲ್ಲ. ಈ ಗುರುತನ್ನು ಮೊದಲು ಬೇರ್ಪಡಿಸದೆ ಮೊತ್ತ ತೆಗೆದರೆ ಫಲಿತಾಂಶ ಅಸಂಬದ್ಧವಾಗುತ್ತದೆ.

ತಂತ್ರಾಂಶದ ಇನ್ನೊಂದು ವೈಶಿಷ್ಟ್ಯ ಮಿಥ್ಯಾ ಸಂವೇದಕ. ನದಿಯಲ್ಲಿ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹರಿಯುತ್ತಿದೆ ಎಂಬುದನ್ನು ಸತತವಾಗಿ ನೇರ ಅಳೆಯುವುದು ಕಷ್ಟ. ನೀರಿನ ಮಟ್ಟವನ್ನು ಅಳೆಯುವುದು ಸುಲಭ. ಆಯಾ ಸ್ಥಳದಲ್ಲಿ ಕೆಲವು ಬಾರಿ ಎರಡನ್ನೂ ಅಳೆದು ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ವಕ್ರರೇಖೆಯನ್ನು ರೂಪಿಸುತ್ತಾರೆ. ಮಿಥ್ಯಾ ಸಂವೇದಕವು ಈ ವಕ್ರರೇಖೆಯನ್ನು ಬಳಸಿ, ವಿನಂತಿ ಬಂದಾಗ ಮಟ್ಟದಿಂದ ಹರಿವನ್ನು ಲೆಕ್ಕಹಾಕಿ ಕೊಡುತ್ತದೆ. ದೊಡ್ಡ ನೆರೆಯ ನಂತರ ನದೀಪಾತ್ರದ ಆಕಾರ ಬದಲಾದರೆ ವಕ್ರರೇಖೆಯನ್ನು ಹೊಸದಾಗಿ ನೀಡಿದರೆ ಸಾಕು, ಮೂಲ ಅಳತೆಗಳನ್ನು ಮುಟ್ಟಬೇಕಾಗಿಲ್ಲ.

ಶ್ರೀಲಂಕಾದಲ್ಲಿ ಬಳಕೆ

ಇದೇ ವಿಶ್ವವಿದ್ಯಾಲಯವು ಶ್ರೀಲಂಕಾದ ಮೊರಟುವ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ 'ಫೋರ್‌ಆನ್ಸ್' ಯೋಜನೆಯಲ್ಲಿ ದೆದುರು ಓಯ ನದೀ ಜಲಾನಯನದಲ್ಲಿ ಅಗ್ಗದ ಹವಾಮಾನ ಕೇಂದ್ರಗಳನ್ನು ಸ್ಥಾಪಿಸಲಾಯಿತು. ಹೆಸರಿನಲ್ಲಿರುವ ನಾಲ್ಕು ಮುಕ್ತತೆಗಳೆಂದರೆ ಯಂತ್ರಾಂಶ, ತಂತ್ರಾಂಶ, ಮಾನದಂಡ ಮತ್ತು ದತ್ತಾಂಶ. ದುಬಾರಿ ಕೇಂದ್ರಗಳನ್ನು ಕೊಂಡು ನಿರ್ವಹಿಸಲಾಗದ ಪ್ರದೇಶಕ್ಕೆ ದಟ್ಟವಾದ ಮಾಪನ ಜಾಲ ಒದಗಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಅಗ್ಗದ ಸಂವೇದಕಗಳ ಅಳತೆಗಳು ಬೇಗ ದಾರಿ ತಪ್ಪುವ ಸಾಧ್ಯತೆ ಇರುವುದರಿಂದ ಗುಣಮಟ್ಟ ಸೂಚ್ಯಂಕದ ನಿಜವಾದ ಉಪಯೋಗ ಇಂತಹ ಕಡೆಯೇ ಹೆಚ್ಚು.

ಮಿತಿಗಳು ಮತ್ತು ಮುಂದಿನ ರೂಪ

ಎಸ್‌ಒಎಸ್ ಮಾನದಂಡವು ಎಕ್ಸ್‌ಎಂಎಲ್ ರೂಪವನ್ನು ಅವಲಂಬಿಸಿದೆ. ಒಂದು ಅಳತೆಯ ಸುತ್ತ ಬಹಳಷ್ಟು ವಿವರಣೆ ಸೇರುವುದರಿಂದ ಸಣ್ಣ ಉಪಕರಣಗಳಿಗೆ ಇದು ಭಾರ. 2016ರಲ್ಲಿ ಬಂದ ಸೆನ್ಸರ್‌ಥಿಂಗ್ಸ್ ಎಪಿಐ ಮಾನದಂಡವು ಹಗುರವಾದ ಜೇಸನ್ ರೂಪವನ್ನು ಬಳಸುತ್ತದೆ. ಇಸ್ಟ್‌ಎಸ್‌ಒಎಸ್‌ನ ನಾಲ್ಕನೆಯ ಆವೃತ್ತಿ ಇದನ್ನೇ ಆಧರಿಸಿದೆ. ಹಳೆಯ ಆವೃತ್ತಿಯನ್ನು ಪರೀಕ್ಷಿಸಿ ನೋಡಬಯಸುವ ವಿದ್ಯಾರ್ಥಿಗಳಿಗೆ ಓಎಸ್‌ಜಿಯೊಲೈವ್ ಎಂಬ ಉಚಿತ ಸಂಗ್ರಹದಲ್ಲಿ ಮಾದರಿ ದತ್ತಾಂಶದೊಂದಿಗೆ ಅದು ದೊರೆತಿದೆ.