ಸಂಬಳದ ಜೊತೆಗೆ ಸಮಯದ ಲೆಕ್ಕ

ಹುಲಿಕುಂಟೆ ಸೀಮೆಯ ಕಡಲೆಕಾಯಿ ಹೊಲಗಳಲ್ಲಿ ಮಳೆ ಕೈಕೊಟ್ಟರೆ ವರ್ಷದ ದುಡಿಮೆಯೇ ಹೋದಂತೆ. ಅಂಥ ಮನೆಯ ಮಗನಿಗೋ ಮಗಳಿಗೋ ಬೆಂಗಳೂರಿನ ತಂತ್ರಜ್ಞಾನ ಸಲಹಾ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದರೆ ತಂದೆತಾಯಿಗೆ ಹಬ್ಬ. ಆದರೆ ಅಲ್ಲಿ ದುಡಿಯುವವರಿಗೆ ಹಿಡಿಸುವುದೇನು, ಹಿಡಿಸದಿರುವುದೇನು?

ಇಂಥ ಕಂಪನಿ ಬ್ಯಾಂಕು, ವಿಮಾ ಸಂಸ್ಥೆ, ಕಾರ್ಖಾನೆಗಳ ಕಂಪ್ಯೂಟರ್ ಕೆಲಸವನ್ನು ಗುತ್ತಿಗೆ ಹಿಡಿಯುತ್ತದೆ. ಅದು ಮುಖ್ಯವಾಗಿ ಮಾರುವುದು ನೌಕರರ ಜಾಣ್ಮೆಯನ್ನು, ಅವರ ಗಂಟೆಗಳನ್ನು. ಮೆಚ್ಚುಗೆ, ಬೇಸರ ಎರಡರ ಬೇರೂ ಇಲ್ಲೇ ಇದೆ.

ಮೆಚ್ಚುಗೆ ಮೊದಲು ಕಲಿಕೆಗೆ. 1981ರಲ್ಲಿ ಆರಂಭವಾದ ಇನ್ಫೋಸಿಸ್, ಹೊಸಬರ ತರಬೇತಿಗೆಂದೇ ಮೈಸೂರಿನಲ್ಲಿ ವಿಶಾಲ ಆವರಣ ಕಟ್ಟಿದೆ. ಕಂಪ್ಯೂಟರ್ ಶಾಖೆಯಲ್ಲಿ ಓದದವರೂ ಈ ರಂಗಕ್ಕೆ ಬಂದು ಬೆಳೆದಿದ್ದಾರೆ. ತಿಂಗಳ ಸಂಬಳ, ಹಲವು ಉದ್ಯಮಗಳ ಪರಿಚಯ, ಕೆಲವರಿಗೆ ವಿದೇಶದ ಅವಕಾಶವೂ ಉಂಟು.

ಬೇಸರ ಹೊತ್ತುಗೊತ್ತಿನದು. ನ್ಯೂಯಾರ್ಕಿನ ಗಡಿಯಾರ ಚಳಿಗಾಲದಲ್ಲಿ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 11ಕ್ಕೆ ಸಭೆಯಾದರೆ ಇಲ್ಲಿ ರಾತ್ರಿ 9.30. ಒಂದು ಗುತ್ತಿಗೆ ಮುಗಿದು ಇನ್ನೊಂದು ಸಿಗದಿದ್ದರೆ ನೌಕರ 'ಬೆಂಚ್' ಮೇಲೆ. ಸಂಬಳ ಬಂದರೂ ನಿದ್ದೆ ಬಾರದು. 2024ರಲ್ಲಿ, ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಕರ್ನಾಟಕದಲ್ಲಿ ಬಂದಾಗ ನೌಕರರ ಸಂಘ ಬಲವಾಗಿ ವಿರೋಧಿಸಿತು.

ವಿದ್ಯಾರ್ಥಿಗಳು ಒಂದನ್ನು ನೆನಪಿಡಬೇಕು: ಕೆಲಸ ಸಿಕ್ಕ ಮೇಲೂ ಓದುವ ಅಭ್ಯಾಸ ಬಿಡದವರಿಗೆ ಬೆಂಚಿನ ಭಯ ಕಡಿಮೆ. ಹೆತ್ತವರೂ ಫೋನಿನಲ್ಲಿ "ಸಂಬಳ ಎಷ್ಟಾಯಿತು?" ಎನ್ನುವ ಮೊದಲು "ಊಟ ಆಯಿತೇ? ಹೊಸದೇನು ಕಲಿತೆ?" ಎಂದು ಕೇಳಲಿ.