ಕೊಳೆ 200 ಲೀಟರ್, ಸಾರಾಯಿ ಎಷ್ಟು?

ಅಬಕಾರಿ ದಾಳಿಯ ಸುದ್ದಿಗಳಲ್ಲಿ ‘200 ಲೀಟರ್ ಬೆಲ್ಲದ ಕೊಳೆ ನಾಶ’ ಎಂಬಂಥ ಸಾಲು ಇದ್ದೇ ಇರುತ್ತದೆ. ನರಗುಂದದ ಬಸ್ ನಿಲ್ದಾಣದಲ್ಲಿ ಪೇಪರ್ ತಿರುವಿಹಾಕುವವರು ಅಷ್ಟೂ ಸಾರಾಯಿಯೇ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಕೊಳೆ ಎಂದರೆ ಹುಳಿತು ನೊರೆಯೆದ್ದ ಬೆಲ್ಲದ ನೀರು. ಬಹುಪಾಲು ಬರೀ ನೀರೇ. ಅದರಿಂದ ಎಷ್ಟು ಇಳಿದೀತು ಎಂಬುದನ್ನು ಒಲೆ ಹೊತ್ತಿಸುವ ಮೊದಲೇ ಹೇಳಬಹುದು. ಭಟ್ಟಿ ಒಂದು ಹನಿ ಮದ್ಯಸಾರವನ್ನೂ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಬೇರ್ಪಡಿಸುತ್ತದೆ ಅಷ್ಟೆ. ಹುಟ್ಟಿಸುವುದು ಯೀಸ್ಟ್.

ಲೆಕ್ಕಕ್ಕೆ ಕೂರೋಣ. 200 ಲೀಟರ್ ಕೊಳೆಗೆ 40 ಕಿಲೋ ಬೆಲ್ಲ ಬಿದ್ದಿದೆ ಎನ್ನಿ. ಬೆಲ್ಲವೆಲ್ಲ ಸಕ್ಕರೆಯಲ್ಲ, ತೇವ, ಖನಿಜ, ಕಸ ಕಳೆದು ನೂರಕ್ಕೆ 80 ಪಾಲು ಯೀಸ್ಟಿಗೆ ದಕ್ಕುತ್ತದೆಂದರೆ 32 ಕಿಲೋ ಸಕ್ಕರೆ. 180 ಗ್ರಾಂ ಗ್ಲೂಕೋಸ್ ಒಡೆದರೆ 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬುದು ಗೇ-ಲುಸಾಕ್ ಹೆಸರಿನ ಸಮೀಕರಣ. ಸಕ್ಕರೆಗೆ ಹೊಂದಿಸಿದರೆ ಕಿಲೋಗೆ ಸುಮಾರು 680 ಮಿಲಿಲೀಟರ್. ಅಂದರೆ 32 ಕಿಲೋಗೆ ಹೆಚ್ಚೆಂದರೆ 22 ಲೀಟರ್ ಶುದ್ಧ ಮದ್ಯಸಾರ. ಇದು ಕಾಗದದ ಮೇಲಿನ ಮಿತಿ. ಅದನ್ನು ದಾಟಿದೆನೆಂದು ಹೇಳುವವನ ಕೊಡದಲ್ಲಿ ಬೇರೇನೋ ಬೆರೆತಿದೆ.

ವಾಸ್ತವದಲ್ಲಿ ಆ ಮಿತಿಯನ್ನೂ ಮುಟ್ಟಲಾಗದು. ಸಕ್ಕರೆಯ ಒಂದು ಸಣ್ಣ ಪಾಲು ಗ್ಲಿಸರಿನ್, ಸಕ್ಸಿನಿಕ್ ಆಮ್ಲಗಳಾಗುತ್ತದೆಂದು ಪಾಶ್ಚರ್ 1860ರಲ್ಲೇ ತೋರಿಸಿದ್ದ. ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲೂ ಒಂದಿಷ್ಟು ಬೇಕು. ಅದಕ್ಕೆ ಸುಮಾರು 30 ಡಿಗ್ರಿ ಶಾಖ ಹಿತ. ನಮ್ಮ ಎರಿಭೂಮಿಯ ಏಪ್ರಿಲ್ ಬಿಸಿಲಿಗೆ ಕೊಡದೊಳಗೆ ಅದು ಸೋಲುತ್ತದೆ, ಆ ಸಂದಿಯಲ್ಲಿ ಹುಳಿ ಮಾಡುವ ಬ್ಯಾಕ್ಟೀರಿಯಾ ನುಗ್ಗುತ್ತವೆ. ಐದರಲ್ಲಿ ನಾಲ್ಕು ಪಾಲು ದಕ್ಕಿದರೆ ಪುಣ್ಯ. ಹಾಗಾಗಿ 17 ಲೀಟರ್.

ಇದನ್ನು ತಾಳೆ ನೋಡಲು ಇನ್ನೊಂದು ದಾರಿಯಿದೆ. ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆಯನ್ನು ಕೊಳೆಯಲ್ಲಿ ತೇಲಿಬಿಡುವುದು. ಬೆಲ್ಲ ಕರಗಿದ ದಿನ ಸಾಂದ್ರತೆ 1.073ರಷ್ಟಿದ್ದು, ನೊರೆ ಅಡಗಿದ ಮೇಲೆ 1.008ಕ್ಕೆ ಇಳಿಯಿತೆನ್ನಿ. ವ್ಯತ್ಯಾಸ 0.065. ಅದನ್ನು 131ರಿಂದ ಗುಣಿಸಿದರೆ ಶೇಕಡಾ 8.5. 200 ಲೀಟರಿನಲ್ಲಿ ಶೇ 8.5 ಅಂದರೆ ಮತ್ತದೇ 17 ಲೀಟರ್.

ಇನ್ನು ಬೆಂಕಿ. ಮದ್ಯಸಾರ ಕುದಿಯುವುದು 78 ಡಿಗ್ರಿ ಚಿಲ್ಲರೆಗೆ, ನೀರು 100ಕ್ಕೆ. ಹಾಗೆಂದು ಮೊದಲು ಮದ್ಯಸಾರವಷ್ಟೂ, ಆಮೇಲೆ ನೀರು ಎಂದು ಸರದಿಯಲ್ಲಿ ಬರುವುದಿಲ್ಲ. ಎರಡೂ ಕೂಡಿಯೇ ಆವಿಯಾಗುತ್ತವೆ. ಶೇ 8.5ರ ಕೊಳೆಯಿಂದ ಮೊದಲು ಬರುವ ಹನಿಗಳಲ್ಲಿ ಮದ್ಯಸಾರ ಅರ್ಧಕ್ಕರ್ಧ. ಬರಬರುತ್ತ ಅದು ಸಪ್ಪೆಯಾಗುತ್ತದೆ. 35 ಲೀಟರ್ ಹಿಡಿದು ನಿಲ್ಲಿಸಿದರೆ ಒಟ್ಟು ಸತ್ವ ಶೇ 40ಕ್ಕೆ ತುಸು ಕಡಿಮೆ. ದುರಾಸೆಯಿಂದ 60 ಲೀಟರ್ ತನಕ ಇಳಿಸಿದರೆ ಶೇ 27ರ ಆಸುಪಾಸು. ಹೆಚ್ಚಿಗೆ ಬಂದ 25 ಲೀಟರಿನಲ್ಲಿ ಮದ್ಯಸಾರ ಮೂರೇ ಮೂರು ಲೀಟರ್. ಹಾಗಾಗಿ ‘ಎಷ್ಟು ಲೀಟರ್’ ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆ.

ಸರಕಾರಗಳಿಗೆ ಇದು ಬೇಗ ಹೊಳೆದಿತ್ತು, ತೆರಿಗೆಯ ವಿಷಯವಲ್ಲವೇ! 1816ರಲ್ಲಿ ಬ್ರಿಟನ್ ಸೈಕ್ಸ್‌ನ ಹೈಡ್ರೋಮೀಟರನ್ನು ಕಾನೂನಿನ ಅಳತೆಯಾಗಿ ಒಪ್ಪಿತು. ಶೇ 57ರ ಮದ್ಯಕ್ಕೆ ‘ಪ್ರೂಫ್’ ಎಂದು ಹೆಸರಾಯಿತು. ಇಂದು ನಮ್ಮ ಬಾಟಲಿಗಳ ಮೇಲಿನ ಶೇ 42.8 ಎಂಬ ವಿಚಿತ್ರ ಅಂಕಿ ಆ ಪ್ರೂಫಿಗಿಂತ ನೂರಕ್ಕೆ 25 ಪಾಲು ಕೆಳಗಿನದು.

ಅಂದಿನ ಧಾರವಾಡ ಜಿಲ್ಲೆಯಲ್ಲಿದ್ದ ನರಗುಂದ 1956ರ ತನಕ ಮುಂಬಯಿ ರಾಜ್ಯಕ್ಕೆ ಸೇರಿತ್ತು, 1949ರ ಪಾನನಿರೋಧ ಕಾಯ್ದೆಯ ಕೆಳಗಿತ್ತು. ಈಗ ಮನೆಯಲ್ಲಿ ಭಟ್ಟಿ ಹಚ್ಚುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಪರವಾನಗಿಯ ಸಾರಾಯಿಯೂ 2007ರ ಜುಲೈಗೆ ರಾಜ್ಯದಲ್ಲಿ ನಿಂತುಹೋಯಿತು. ಇದೇ ಲೆಕ್ಕ ಕಾನೂನಿನ ದಾರಿಯಲ್ಲಿ ಎಥೆನಾಲ್ ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ಒಂದು ಕ್ವಿಂಟಲ್ ಗೋವಿನಜೋಳಕ್ಕೆ ಅವು ಸುಮಾರು 38 ಲೀಟರ್ ತೆಗೆಯುತ್ತವೆ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮಿಥೈಲ್ ಆಲ್ಕೋಹಾಲ್. ಬೆಲ್ಲದ ಕೊಳೆಯಲ್ಲಿ ಅದು ಹುಟ್ಟುವುದು ತೀರ ಅತ್ಯಲ್ಪ. ಕೊಲ್ಲುವಷ್ಟು ಇದೆಯೆಂದರೆ ಕಾರ್ಖಾನೆಯ ಡ್ರಮ್ಮಿನಿಂದ ಯಾರೋ ಸುರಿದಿದ್ದಾರೆಂದೇ ಅರ್ಥ. ‘ಮೊದಲ ಬಟ್ಟಲು ಚೆಲ್ಲಿದರೆ ವಿಷ ಹೋಗುತ್ತದೆ’ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಭಟ್ಟಿ ಇಳಿದ ಮೇಲೆ ಬೆರೆಸಿದ್ದಕ್ಕೆ ಮೊದಲ ಬಟ್ಟಲು, ಕೊನೆಯ ಬಟ್ಟಲು ಎಂಬುದೇ ಇಲ್ಲ.