ಹಗುರ ಗಾಳ, ಹುಷಾರು ಮೀನು

ಅಮೆರಿಕದ ಸರೋವರಗಳಲ್ಲಿ ಬಾಸ್ ಮೀನು ಹಿಡಿಯುವುದು ಶಾಲಾ ಮಕ್ಕಳಿಗೂ ಒಂದು ಕ್ರೀಡೆ. ಅಲ್ಲಿನ ಸೋಲು ಗೆಲುವು ಎಷ್ಟೋ ಸಲ ಕಡಲೆಕಾಳಿನಷ್ಟು ದೊಡ್ಡ ಲೋಹದ ಗುಂಡಿನ ಮೇಲೆ ನಿಂತಿರುತ್ತದೆ. ಅದೇ ಗುಂಡು ಸೀಸದ್ದಾದರೆ ಒಂದು ಹಕ್ಕಿಯ ಪ್ರಾಣವನ್ನೂ ತೆಗೆಯಬಲ್ಲದು.

ಗಾಳ ಎಂದೊಡನೆ ಕಣ್ಣ ಮುಂದೆ ಬರುವುದು ಬಿದಿರಿನ ಕೋಲು, ಉದ್ದನೆಯ ದಾರ, ನೀರಿನ ಮೇಲೆ ತೇಲುವ ಬೆಂಡು ಮತ್ತು ಕೊಕ್ಕೆಗೆ ಸಿಕ್ಕಿಸಿದ ಎರೆಹುಳು. ದಡದಲ್ಲಿ ತಾಳ್ಮೆಯಿಂದ ಕುಳಿತು ಬೆಂಡು ಮುಳುಗುವುದನ್ನು ಕಾದರಾಯಿತು. ಆದರೆ ಬಾಸ್ ಬೇಟೆಗಾರರ ರೀತಿಯೇ ಬೇರೆ. ಅವರ ಎರೆಗೆ ಜೀವವಿಲ್ಲ. ಅದು ಮೆದು ಪ್ಲಾಸ್ಟಿಕ್‌ನ ಪುಟ್ಟ ಮೀನು. ಅದನ್ನು ದೂರಕ್ಕೆ ಎಸೆದು, ನೀರಿನಲ್ಲಿ ಮುಳುಗಿಸಿ, ರೀಲು ಸುತ್ತುತ್ತಾ ಎಳೆದು, ನಿಜವಾದ ಮರಿಮೀನು ಈಜುತ್ತಿದೆ ಎಂಬ ಭ್ರಮೆಯನ್ನು ಬಾಸ್‌ಗೆ ಹುಟ್ಟಿಸಬೇಕು. ಈ ಪ್ಲಾಸ್ಟಿಕ್ ಮೀನಿಗೆ ಸ್ವಿಮ್‌ಬೇಟ್ ಎಂದೂ, ಅದರ ತಲೆಯ ಭಾಗದಲ್ಲಿ ಕೂರುವ, ಕೊಕ್ಕೆಯೊಂದಿಗೆ ಎರಕಗೊಂಡ ಲೋಹದ ಗುಂಡಿಗೆ ಜಿಗ್ ಹೆಡ್ ಎಂದೂ ಹೆಸರು.

ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ದೊಡ್ಡಬಾಯಿಯ ಬಾಸ್ ಮತ್ತು ಸಣ್ಣಬಾಯಿಯ ಬಾಸ್ ಎಂಬ ಎರಡು ಬಗೆಗಳು ಹೆಸರುವಾಸಿ. ಮೊದಲನೆಯದು ಜೊಂಡು, ಗಿಡಗಂಟಿಗಳ ಮರೆಯಲ್ಲಿ ಹೊಂಚು ಹಾಕಿದರೆ, ಎರಡನೆಯದಕ್ಕೆ ತಿಳಿನೀರು, ಕಲ್ಲುಬಂಡೆಗಳೆಂದರೆ ಇಷ್ಟ. ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ 1932ರಲ್ಲಿ ಹಿಡಿದ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೋ ತೂಕದ ಬಾಸ್‌ನ ದಾಖಲೆಯನ್ನು ಸರಿಗಟ್ಟಲು 77 ವರ್ಷ ಬೇಕಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತ ಹಿಡಿದ ಮೀನು ಅದಕ್ಕಿಂತ ಒಂದು ಔನ್ಸಿನಷ್ಟೂ ಹೆಚ್ಚು ತೂಗಲಿಲ್ಲ. ಹೀಗಾಗಿ ದಾಖಲೆ ಇಬ್ಬರ ಹೆಸರಿನಲ್ಲೂ ಉಳಿಯಿತು.

ಅಡುಗೆಮನೆಯಿಂದ ಸರೋವರಕ್ಕೆ

ಮೆದು ಪ್ಲಾಸ್ಟಿಕ್ ಎರೆಯ ಕಥೆ ಶುರುವಾಗುವುದು 1949ರಲ್ಲಿ. ಓಹಾಯೋ ರಾಜ್ಯದ ಆಕ್ರನ್ ಪಟ್ಟಣದ ನಿಕ್ ಕ್ರೀಮ್ ಎಂಬಾತ ತನ್ನ ಮನೆಯಲ್ಲೇ ವಿನೈಲ್ ಪ್ಲಾಸ್ಟಿಕ್ ಕಾಯಿಸಿ, ಅಚ್ಚಿಗೆ ಹೊಯ್ದು ಕೃತಕ ಎರೆಹುಳು ಮಾಡಿದ. ಮುಟ್ಟಿದರೆ ಬಳುಕುವ ಆ ಹುಳು ಮೀನು ಹಿಡಿಯುವವರ ಲೋಕವನ್ನೇ ಬದಲಿಸಿತು. ಮುಂದೆ ಏಡಿ, ಸೀಗಡಿ, ಮರಿಮೀನು ಹೀಗೆ ಬಾಸ್ ತಿನ್ನುವ ಎಲ್ಲದಕ್ಕೂ ಪ್ಲಾಸ್ಟಿಕ್ ರೂಪ ಬಂತು.

ಅಮೆರಿಕದಲ್ಲಿ ‘ದೊಡ್ಡ ಮೀನಿಗೆ ದೊಡ್ಡ ಎರೆ’ ಎಂಬ ಮಾತು ಬಹುಕಾಲ ನಡೆಯಿತು. ಆದರೆ ಗಾಳದ ಕಾಟ ಹೆಚ್ಚಿದ ಸರೋವರಗಳಲ್ಲಿ ಮೀನು ಹುಷಾರಾಗುತ್ತದೆ. ಅಬ್ಬರದಿಂದ ಬಂದು ಬೀಳುವ ಎರೆಯನ್ನು ಕಂಡರೆ ದೂರ ಸರಿಯುತ್ತದೆ. ಅಂಥ ಮೀನನ್ನು ಒಲಿಸಲು ಸಣ್ಣ ಎರೆ, ಸಪೂರ ದಾರ, ಹಗುರ ತೂಕದ ವಿದ್ಯೆ ಬೆಳೆಯಿತು. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹಳೆಯ ದಾಖಲೆಗಳ ಪಾಲಕರಾಗಿದ್ದ ನೆಡ್ ಕೆಹ್ಡೆ ಈ ಪಂಥದ ದೊಡ್ಡ ಪ್ರಚಾರಕರು. ಅಣಬೆಯಾಕಾರದ ಹಗುರ ಜಿಗ್ ಹೆಡ್‌ಗೆ ಎರಡೂವರೆ ಇಂಚಿನ ಪ್ಲಾಸ್ಟಿಕ್ ತುಂಡು ಸಿಕ್ಕಿಸುವ ವಿಧಾನಕ್ಕೆ ‘ನೆಡ್ ರಿಗ್’ ಎಂದು ಅವರದೇ ಹೆಸರು ನಿಂತಿದೆ. ಜಪಾನಿನಲ್ಲೂ ಇದೇ ದಾರಿಯ ಶೋಧ ನಡೆಯಿತು. ಅಲ್ಲಿನ ಕೇಟೆಕ್ ಕಂಪನಿಯ 2.8 ಮತ್ತು 3.3 ಇಂಚಿನ ಸ್ವಿಮ್‌ಬೇಟ್‌ಗಳು ಇಂದು ಅಮೆರಿಕದ ಪೆಟ್ಟಿಗೆಗಳಲ್ಲೂ ಸಾಮಾನ್ಯ.

ಇಷ್ಟು ಸಣ್ಣ ಎರೆ ಏಕೆ? ಬಾಸ್‌ನ ಮುಖ್ಯ ಆಹಾರಗಳಲ್ಲಿ ಒಂದು ಶಾಡ್ ಎಂಬ ಬೆಳ್ಳಿಬಣ್ಣದ ಮೀನಿನ ಮರಿಗಳು. ಅವು ಎರಡು ಮೂರು ಇಂಚು ಇರುವ ಕಾಲದಲ್ಲಿ ಬಾಸ್ ಅದೇ ಅಳತೆಯ ತುತ್ತನ್ನು ಅರಸುತ್ತದೆ. ಇನ್ನು ಚಳಿಗಾಲದಲ್ಲಿ ನೀರು ತಣ್ಣಗಾದಾಗ ಶೀತರಕ್ತದ ಈ ಪ್ರಾಣಿಯ ಜೀರ್ಣಕ್ರಿಯೆಯೂ ನಿಧಾನ, ಓಟವೂ ನಿಧಾನ. ಆಗ ಮೂಗಿನ ಮುಂದೆ ಮೆಲ್ಲಗೆ ಹಾದುಹೋಗುವ ಚಿಕ್ಕ ತುತ್ತೇ ಅದಕ್ಕೆ ಹಿತ.

ಬೀಳುವ ವೇಗದ ಗಣಿತ

ಜಿಗ್ ಹೆಡ್‌ಗಳ ತೂಕ ಔನ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ಔನ್ಸಿನ 16ನೇ ಒಂದು ಭಾಗ ಎಂದರೆ ಸುಮಾರು 1.8 ಗ್ರಾಂ, 8ನೇ ಒಂದು ಭಾಗ 3.5 ಗ್ರಾಂ, ಕಾಲು ಔನ್ಸ್ 7 ಗ್ರಾಂ. ಸಣ್ಣ ಸ್ವಿಮ್‌ಬೇಟ್‌ನ ಆಟವೆಲ್ಲ ಹೆಚ್ಚುಕಡಿಮೆ ಈ ಮೂರರ ನಡುವೆ.

ತೂಕ ದುಪ್ಪಟ್ಟಾದರೆ ಎರೆ ಮುಳುಗುವ ವೇಗವೂ ದುಪ್ಪಟ್ಟಾಗುತ್ತದೆಯೇ? ಇಲ್ಲ. ನೀರಿನ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಅದೇ ಪ್ಲಾಸ್ಟಿಕ್ ಮೀನಿಗೆ ಎರಡು ಪಟ್ಟು ತೂಕ ಕೊಟ್ಟರೆ ವೇಗ ಸುಮಾರು 1.4 ಪಟ್ಟು ಮಾತ್ರ ಹೆಚ್ಚುತ್ತದೆ; ವೇಗ ದುಪ್ಪಟ್ಟಾಗಲು ತೂಕ ನಾಲ್ಕು ಪಟ್ಟಾಗಬೇಕು. ಉದಾಹರಣೆಗೆ, 3.5 ಗ್ರಾಂನ ಗುಂಡು ತಳ ಸೇರಲು 10 ಸೆಕೆಂಡು ತೆಗೆದುಕೊಂಡರೆ, 1.8 ಗ್ರಾಂನದು 14 ಸೆಕೆಂಡು, 7 ಗ್ರಾಂನದು 7 ಸೆಕೆಂಡು ತೆಗೆದುಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ವರ್ಗಮೂಲ ಕಲಿತ ಹುಡುಗನಿಗೆ ಇದು ಕಷ್ಟದ ಲೆಕ್ಕವಲ್ಲ.

ಈ ಲೆಕ್ಕದಿಂದಲೇ ಆಳವನ್ನೂ ಹಿಡಿಯಬಹುದು. ಮೊದಲ ಎಸೆತದಲ್ಲಿ ಎರೆ ನೀರಿಗೆ ಬಿದ್ದ ಕ್ಷಣದಿಂದ ತಳ ಮುಟ್ಟುವವರೆಗೆ ಒಂದು, ಎರಡು ಎಂದು ಎಣಿಸಬೇಕು. ಮೂರು ಮೀಟರ್ ಆಳದ ನೀರಿನಲ್ಲಿ ಹತ್ತು ಎಣಿಕೆಯಾಯಿತು ಎನ್ನೋಣ. ಮೀನುಗಳು ಎರಡು ಮೀಟರ್ ಆಳದಲ್ಲಿದ್ದರೆ, ಮುಂದಿನ ಎಸೆತದಲ್ಲಿ ಏಳು ಎಣಿಸುವಷ್ಟರಲ್ಲಿ ರೀಲು ಸುತ್ತಲು ಆರಂಭಿಸಬೇಕು. ಯಾವ ಯಂತ್ರದ ಹಂಗೂ ಇಲ್ಲ.

ಸುತ್ತುವಾಗ ಇನ್ನೊಂದು ಸಂಗತಿ ಗಮನಿಸಬೇಕು. ಎಳೆದಂತೆಲ್ಲ ದಾರ ಎರೆಯನ್ನು ಮೇಲಕ್ಕೆತ್ತುತ್ತದೆ. ಹಗುರ ಗುಂಡನ್ನು ಬೇಗ ಸುತ್ತಿದರೆ ಅದು ಮೇಲ್ಮೈಗೆ ಬಂದುಬಿಡುತ್ತದೆ. ಭಾರದ್ದನ್ನು ನಿಧಾನ ಸುತ್ತಿದರೆ ತಳದ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಅನುಭವಿಗಳು ತೂಕವನ್ನು ಆಳಕ್ಕಿಂತ ಹೆಚ್ಚಾಗಿ ವೇಗಕ್ಕೆ ತಕ್ಕಂತೆ ಆರಿಸುತ್ತಾರೆ. ಮೀನು ಜಡವಾಗಿದೆಯೇ, ಹಗುರ ತೂಕ ಮತ್ತು ನಿಧಾನ ಸುತ್ತು. ಮೀನು ಚುರುಕಾಗಿದೆಯೇ ಅಥವಾ ಗಾಳಿ ಜೋರಾಗಿದೆಯೇ, ಒಂದು ಹೆಜ್ಜೆ ಹೆಚ್ಚು ತೂಕ.

ದಾರದ ಪಾತ್ರವೂ ಸಣ್ಣದಲ್ಲ. ಎರಡು ಗ್ರಾಂನ ಗುಂಡಿಗೆ ದಪ್ಪ ದಾರ ಕಟ್ಟಿದರೆ ದಾರವೇ ಅದನ್ನು ತಡೆಯುತ್ತದೆ, ದೂರಕ್ಕೂ ಹೋಗಗೊಡದು. ಆದ್ದರಿಂದ ಸುಮಾರು ಕಾಲು ಮಿಲಿಮೀಟರ್ ದಪ್ಪದ ದಾರವನ್ನೇ ಬಳಸುವುದು ರೂಢಿ. ಫ್ಲೋರೋಕಾರ್ಬನ್ ದಾರ ನೀರಿಗಿಂತ ಭಾರ, ಮುಳುಗುತ್ತದೆ. ಹೆಣೆದ ಪಾಲಿಎಥಿಲೀನ್ ದಾರ ತೇಲುತ್ತದೆ. ಒಂದೇ ಗುಂಡು, ಒಂದೇ ಎರೆ ಇದ್ದರೂ ದಾರ ಬದಲಾದರೆ ಈಜುವ ಆಳ ಬದಲಾಗುವುದು ಇದರಿಂದಲೇ.

ಬಾಲ ಅಲ್ಲಾಡಬೇಕು

ಸಣ್ಣ ಸ್ವಿಮ್‌ಬೇಟ್‌ನ ಜೀವಾಳ ಅದರ ಬಾಲ. ದೋಣಿಯ ಹುಟ್ಟಿನಂತೆ ಅಗಲವಾಗಿರುವ ಬಾಲ ನೀರಿಗೆ ಎದುರಾಗಿ ಎಡಕ್ಕೂ ಬಲಕ್ಕೂ ಬಡಿಯುತ್ತದೆ. ಬಾಲದ ಬುಡ ಸಪೂರವಾಗಿ, ಪ್ಲಾಸ್ಟಿಕ್ ಮೆದುವಾಗಿದ್ದಷ್ಟೂ ನಿಧಾನದ ಎಳೆತಕ್ಕೂ ಅದು ಅಲ್ಲಾಡುತ್ತದೆ. ಈ ಕಂಪನ ಮೀನಿಗೆ ತಲುಪುವುದು ಕಿವಿಯಿಂದಷ್ಟೇ ಅಲ್ಲ. ಮೀನಿನ ಮೈಯ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಹಾದಿರುವ ಪಾರ್ಶ್ವರೇಖೆ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಕೆಂಪು ನೀರಿನಲ್ಲೂ, ಕತ್ತಲಲ್ಲೂ ಬಾಸ್ ಬೇಟೆಯನ್ನು ಪತ್ತೆ ಮಾಡಲು ಇದರ ನೆರವಿದೆ.

ಆದರೆ ಕೊಕ್ಕೆಯ ಆಯ್ಕೆ ತಪ್ಪಿದರೆ ಬಾಲವೇ ಸತ್ತಂತೆ. ಕೊಕ್ಕೆಯ ಕಡ್ಡಿ ಉದ್ದವಾದರೆ ಪ್ಲಾಸ್ಟಿಕ್ ಮೀನಿನ ಮೈ ಸೆಟೆದುಕೊಳ್ಳುತ್ತದೆ. ಗಿಡ್ಡವಾದರೆ ಬಾಲಕ್ಕೆ ಬಾಯಿ ಹಾಕಿದ ಮೀನು ತಪ್ಪಿಸಿಕೊಳ್ಳುತ್ತದೆ. ಕೊಕ್ಕೆಯ ಮೊನೆ ಎರೆಯ ಮೈಯ ನಡುಭಾಗದ ಆಸುಪಾಸಿನಲ್ಲಿ ಬೆನ್ನಿನಿಂದ ಹೊರಬರುವುದು ಸರಿಯಾದ ಅಳತೆ. ಸಪೂರ ದಾರ, ಬಳುಕುವ ಕೋಲಿನಿಂದ ದಪ್ಪ ಕೊಕ್ಕೆಯನ್ನು ಮೀನಿನ ಬಾಯಿಗೆ ನಾಟಿಸಲಾಗದು. ಆದ್ದರಿಂದ ಹಗುರ ಜಿಗ್ ಹೆಡ್‌ಗೆ ತೆಳು ತಂತಿಯ, ಚೂಪಾದ ಕೊಕ್ಕೆಯೇ ಬೇಕು. ಎರೆಯನ್ನು ನೇರವಾಗಿ ಪೋಣಿಸುವುದೂ ಅಷ್ಟೇ ಮುಖ್ಯ. ಕೂದಲೆಳೆಯಷ್ಟು ವಾರೆಯಾದರೂ ಅದು ಈಜುವ ಬದಲು ಬುಗುರಿಯಂತೆ ತಿರುಗಿ ದಾರವನ್ನು ಹುರಿಗಟ್ಟಿಸುತ್ತದೆ.

ಬಣ್ಣದ ವಿಷಯದಲ್ಲಿ ಅಂಗಡಿಗಳು ನೂರಾರು ಹೆಸರು ಹೇಳುತ್ತವೆ. ತಿಳಿನೀರಿಗೆ ಬೆಳ್ಳಿ ಹೊಳಪಿನ, ಅರೆಪಾರದರ್ಶಕ ಬಣ್ಣ. ಕದಡಿದ ನೀರಿಗೆ ಎದ್ದು ಕಾಣುವ ಬಿಳಿ, ಗಾಢ ಬಣ್ಣ ಅಥವಾ ಹಳದಿಮಿಶ್ರಿತ ಹಸಿರು. ಕಲಿಯುವವರಿಗೆ ಇಷ್ಟು ಸಾಕು.

ಸೀಸದ ಸಾಲ

ಜಿಗ್ ಹೆಡ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಸೀಸ. ಅಗ್ಗ, ಭಾರ, 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮನೆಯ ಹಿತ್ತಿಲಲ್ಲೇ ಎರಕ ಹೊಯ್ಯುವವರೂ ಉಂಟು. ಆದರೆ ಸೀಸ ವಿಷ, ಮಕ್ಕಳ ಮಿದುಳಿಗಂತೂ ಹೆಚ್ಚು ಅಪಾಯಕಾರಿ. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವುದು, ಮುಟ್ಟಿದ ಕೈಯಲ್ಲೇ ತಿಂಡಿ ತಿನ್ನುವುದು, ಮಕ್ಕಳಿರುವ ಮನೆಯಲ್ಲಿ ಸೀಸ ಕರಗಿಸುವುದು, ಈ ಮೂರನ್ನೂ ಹಿರಿಯರು ಖಡಾಖಂಡಿತವಾಗಿ ತಡೆಯಬೇಕು.

ನೀರಿಗೆ ಬಿದ್ದು ಕಳೆದುಹೋದ ಗುಂಡಿನ ಕಥೆ ಇನ್ನೂ ದಾರುಣ. ಅಮೆರಿಕದ ಈಶಾನ್ಯ ರಾಜ್ಯಗಳ ಸರೋವರಗಳಲ್ಲಿ ಲೂನ್ ಎಂಬ ಸುಂದರ ನೀರುಹಕ್ಕಿಯಿದೆ. ಆಹಾರ ಅರೆಯಲೆಂದು ಅದು ತಳದ ಹರಳುಕಲ್ಲುಗಳನ್ನು ನುಂಗುತ್ತದೆ. ಹರಳಿನ ಜೊತೆ ಸೀಸದ ಗುಂಡೂ ಹೊಟ್ಟೆ ಸೇರುತ್ತದೆ. ಗಾಳ ನುಂಗಿದ ಮೀನನ್ನು ತಿಂದಾಗಲೂ ಅಷ್ಟೇ. ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕೆ ಇಳಿಯುತ್ತದೆ. ಒಂದೇ ಒಂದು ಗುಂಡು ಸಾಕು, ಹಕ್ಕಿ ಸಾಯುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಳೆದ ಲೂನ್‌ಗಳ ಸಾವಿಗೆ ತಿಳಿದುಬಂದ ಕಾರಣಗಳಲ್ಲಿ ಗಾಳದ ಸೀಸವೇ ಮೊದಲನೆಯದು. ಅಲ್ಲಿ ಒಂದು ಔನ್ಸ್ ಅಥವಾ ಅದಕ್ಕಿಂತ ಕಡಿಮೆ ತೂಕದ ಸೀಸದ ಗುಂಡು ಮತ್ತು ಜಿಗ್‌ಗಳ ಮಾರಾಟ, ಬಳಕೆ ಎರಡಕ್ಕೂ 2016ರ ಜೂನ್ 1ರಿಂದ ನಿಷೇಧವಿದೆ. ಹಂಸಗಳ ಸಾವು ಕಂಡ ಬ್ರಿಟನ್ 1987ರಲ್ಲೇ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತ್ತು. ಹಗುರ ಗಾಳದ ಗುಂಡುಗಳು ಹಕ್ಕಿ ನುಂಗುವಷ್ಟೇ ಗಾತ್ರದವು. ಈ ಕಾನೂನುಗಳು ಅವುಗಳಿಗೇ ಅನ್ವಯಿಸುವುದು ಆ ಕಾರಣಕ್ಕೆ.

ಬದಲಿ ಲೋಹಗಳಿವೆ. ಸಾಂದ್ರತೆಯಲ್ಲಿ ಸೀಸ 11.3 ಆದರೆ ಟಂಗ್‌ಸ್ಟನ್ 19.3, ಬಿಸ್ಮತ್ 9.8, ತವರ 7.3. ಹೀಗಾಗಿ 3.5 ಗ್ರಾಂನ ದುಂಡನೆಯ ಗುಂಡು ಸೀಸದಲ್ಲಿ 8.4 ಮಿಲಿಮೀಟರ್ ಅಡ್ಡಳತೆಯದಾದರೆ, ಶುದ್ಧ ಟಂಗ್‌ಸ್ಟನ್‌ನಲ್ಲಿ 7 ಮಿಲಿಮೀಟರ್, ತವರದಲ್ಲಿ 9.7 ಮಿಲಿಮೀಟರ್. ಟಂಗ್‌ಸ್ಟನ್ ಸಣ್ಣದು, ಗಟ್ಟಿ. ತಳದ ಕಲ್ಲು ಮುಟ್ಟಿದ್ದು ಕೈಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಅದು ಕರಗಲು 3,400 ಡಿಗ್ರಿಗೂ ಮಿಗಿಲು ಶಾಖ ಬೇಕು. ಪುಡಿಯನ್ನು ಒತ್ತಿ ಕಾಯಿಸಿಯೇ ಗುಂಡು ಮಾಡಬೇಕಾದ್ದರಿಂದ ಬೆಲೆ ದುಬಾರಿ. ತವರದ ಗುಂಡು ತುಸು ದಪ್ಪ, ಆದ್ದರಿಂದ ತುಸು ನಿಧಾನ. ನಿಧಾನವೇ ಬೇಕಾದ ಹಗುರ ಗಾಳದಲ್ಲಿ ಅದು ದೋಷವೇನಲ್ಲ.

ಶಾಲೆಯ ತಂಡ, ಸರೋವರದ ಪಾಠ

ಇಲಿನಾಯ್ ರಾಜ್ಯದ ಹೈಸ್ಕೂಲು ಕ್ರೀಡಾ ಸಂಸ್ಥೆ 2009ರಲ್ಲಿ ಕಾರ್ಲೈಲ್ ಸರೋವರದಲ್ಲಿ ಬಾಸ್ ಹಿಡಿಯುವ ರಾಜ್ಯಮಟ್ಟದ ಸ್ಪರ್ಧೆ ಆರಂಭಿಸಿತು. ಬಾಸ್ಕೆಟ್‌ಬಾಲ್, ಓಟಗಳ ಸಾಲಿಗೆ ಗಾಳವೂ ಸೇರಿತು. ಟೆನೆಸಿಯ ಬೆಥೆಲ್ ವಿಶ್ವವಿದ್ಯಾಲಯ ಈ ಆಟದ ಪ್ರತಿಭೆಗೆ ವಿದ್ಯಾರ್ಥಿವೇತನವನ್ನೂ ಕೊಟ್ಟಿತು. ಇಂಥ ಸ್ಪರ್ಧೆಗಳಲ್ಲಿ ಮೀನನ್ನು ದೋಣಿಯ ನೀರತೊಟ್ಟಿಯಲ್ಲಿ ಜೀವಂತ ಇಟ್ಟು, ತೂಗಿ, ಮತ್ತೆ ನೀರಿಗೆ ಬಿಡುವುದು ರೂಢಿ. ಈ ಪದ್ಧತಿಯನ್ನು ಬಾಸ್ ಸ್ಪರ್ಧೆಗಳಲ್ಲಿ 1972ರಿಂದ ಬೆಳೆಸಿದವರು ಅಲಬಾಮದ ರೇ ಸ್ಕಾಟ್. ಒಂಟಿ ಕೊಕ್ಕೆಯ ಜಿಗ್ ಹೆಡ್ ತುಟಿಗೆ ಸಿಕ್ಕಿಕೊಂಡರೆ ಬಿಡಿಸುವುದು ಸುಲಭ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿದರೆ ಇನ್ನೂ ಸುಲಭ.

ಆದರೆ ಅಮೆರಿಕದ ಈ ನೀತಿ ಎಲ್ಲೆಡೆಗೂ ಸಲ್ಲದು. ಜಪಾನಿಗೆ 1925ರಲ್ಲಿ ಹೊರಗಿನಿಂದ ಬಂದ ಬಾಸ್ ಅಲ್ಲಿನ ದೇಶೀ ಮೀನುಗಳಿಗೆ ಮಾರಿಯಾಯಿತು. 2005ರಿಂದ ಜಾರಿಗೆ ಬಂದ ಕಾನೂನು ಬಾಸ್ ಅನ್ನು ಜೀವಂತ ಸಾಗಿಸುವುದನ್ನೂ, ಸಾಕುವುದನ್ನೂ, ಬೇರೆಡೆ ಬಿಡುವುದನ್ನೂ ನಿಷೇಧಿಸಿದೆ. ಬಿವಾ ಸರೋವರವಿರುವ ಶಿಗಾ ಪ್ರಾಂತ್ಯದಲ್ಲಿ, ಹಿಡಿದ ಬಾಸ್ ಅನ್ನು ಮತ್ತೆ ಅದೇ ಸರೋವರಕ್ಕೆ ಬಿಡುವುದೂ ಕೂಡದು. ಒಂದು ನಾಡಿನಲ್ಲಿ ದಯೆಯಾದದ್ದು ಇನ್ನೊಂದು ನಾಡಿನಲ್ಲಿ ಅಪರಾಧ. ಯಾವ ನೀರಿಗೆ ಯಾವ ಮೀನು ಸೇರಿದ್ದು ಎಂಬುದನ್ನು ಗಾಳ ಹಾಕುವ ಮೊದಲೇ ತಿಳಿದುಕೊಳ್ಳಬೇಕು ಎಂಬುದು ಮಕ್ಕಳಿಗೆ ಇದರಿಂದ ಸಿಗುವ ಪಾಠ.

ಕೊಳ್ಳುವ ಮುನ್ನ

* ಒಂದೂವರೆ ಮೀಟರ್‌ವರೆಗಿನ ಆಳಕ್ಕೆ 1.8 ಗ್ರಾಂ, ಮೂರು ಮೂರೂವರೆ ಮೀಟರ್‌ವರೆಗೆ 3.5 ಗ್ರಾಂ, ಇನ್ನೂ ಆಳಕ್ಕೆ 5ರಿಂದ 7 ಗ್ರಾಂ. ಕಲಿಯುವವರಿಗೆ 3.5 ಗ್ರಾಂ ಒಳ್ಳೆಯ ಆರಂಭ.

* ಎರೆ ಸುಮಾರು ಮೂರು ಇಂಚಿನದಿರಲಿ. ತಿಳಿನೀರಿಗೊಂದು, ಕದಡಿದ ನೀರಿಗೊಂದು, ಎರಡೇ ಬಣ್ಣ ಸಾಕು.

* ಸೀಸದ ಬದಲು ತವರ, ಬಿಸ್ಮತ್ ಅಥವಾ ಟಂಗ್‌ಸ್ಟನ್ ಕೇಳಿ ಪಡೆಯಿರಿ.

* ಹರಿದ ಪ್ಲಾಸ್ಟಿಕ್ ಎರೆ ನೀರಿನಲ್ಲಿ ಕೊಳೆಯುವುದಿಲ್ಲ, ಮೀನು ಅದನ್ನು ನುಂಗುತ್ತದೆ. ತುಂಡುಗಳನ್ನು ಡಬ್ಬಿಗೆ ಹಾಕಿ ಮನೆಗೆ ತನ್ನಿ.

* ಎಸೆಯುವ ಮುನ್ನ ಹಿಂದೆ ಯಾರಿದ್ದಾರೆಂದು ನೋಡಬೇಕು. ಕಣ್ಣಿಗೆ ಕನ್ನಡಕ, ದೋಣಿಯಲ್ಲಿ ತೇಲುಕವಚ ಕಡ್ಡಾಯ.